ತೋಪಿನಲ್ಲಿ ಪಾಪ ಇದೆ

ಯಡಿಯೂರು
೧೧-೨-೧೯೬೪

ಬಂಡೀಪುರದಲ್ಲಿರುವ ನಿಮಗೆ ಅಂಜನಮ್ಮ ಮಾಡುವ ನಮಸ್ಕಾರ.

ನೀವು ಕಾಡಿನ ವಾಚರ್ ಕೆಲಸಕ್ಕೆ ಹೋದ ಮೇಲೆ ಅತ್ತೆ ಹೇಳಿದ್ದನ್ನು ನಾನು ಬರೆದು ಕಳಿಸುತ್ತಿದ್ದೆ. ಈ ಕಾಗದ ನನ್ನದೇ. ಅತ್ತೆಗೆ ಹೇಳಿಲ್ಲ.

ತ್ಯಾಗರಾಜನಗರದ ಕಡೆಯಿಂದ ಸರಪಳಿ ಹಿಡಿದವರು ಬಂದು ನಮ್ಮ ಗುಂಡುತೋಪನ್ನು ಅಳೆದುಕೊಂಡು ಹೋದರು. ಹುಣಸೆ, ಹೊಂಗೆ, ಅತ್ತಿ ಎಲ್ಲಕ್ಕೂ ಸುಣ್ಣದ ಗುರುತು ಹಾಕಿದ್ದಾರೆ. ಬಡಾವಣೆಗೆ ಹೊಲ ಹೋದಾಗ ನಾನು ಒಂದು ಮಾತೂ ಆಡಲಿಲ್ಲ, ನಿಮಗೆ ಗೊತ್ತು. ಆದರೆ ತೋಪಿನ ದೊಡ್ಡ ಹೊಂಗೆಯ ಬುಡದಲ್ಲಿ ನಮ್ಮ ಮಗು ಮಲಗಿದೆ. ರಸ್ತೆ ಅದರ ಮೇಲೇ ಬರುತ್ತದಂತೆ.

ದೊಡ್ಡಪ್ಪ ಚಿಕ್ಕಬೈರಪ್ಪನವರನ್ನು ಕೇಳಿದೆ. "ಮಣ್ಣು ಮಾಡಿರೋ ಜಾಗ ಅಂದ್ರೆ ಅವ್ರು ಕೇಳಲ್ಲ ಕಣಮ್ಮ. ಸ್ಮಶಾನಕ್ಕೆ ಬೇರೆ ಜಾಗ ತೋರ್ಸಿದೀವಲ್ಲ, ಅಲ್ಲಿಗೆ ಹೋಗ್ರಿ ಅಂತಾರೆ" ಅಂದರು.

ಇನ್ನೊಂದು ವಿಷಯ. ತೋಪಿನಲ್ಲಿ ಪಾಪಗಳಿವೆ. ಚಿಕ್ಕಂದಿನಲ್ಲಿ ನೋಡಿದ್ದೆ ಅಂತ ನೀವೇ ಹೇಳಿದ್ದಿರಿ. ಅಂಗೈಯಗಲದ ಮೈ, ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು. ಬೇರೆ ಕಡೆ ಕಾಡುಪಾಪ ಅನ್ನುತ್ತಾರಂತೆ, ನಮ್ಮೂರಿನಲ್ಲಿ ಬರೀ ಪಾಪ. ಅತ್ತೆ ಮಾತ್ರ ಈಗ ಹಾಗೆ ಅನ್ನುವುದಿಲ್ಲ, ‘ಅದು’ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಪಾಪ ಎಂದು ಕರೆದರೆ ಓಡಿ ಬರುತ್ತಿದ್ದವಳು ಒಬ್ಬಳೇ ಅಲ್ಲವೇ.

ಪ್ರಾಣಿಗಳನ್ನು ಕಾಪಾಡುವುದಕ್ಕೆ ಹೊಸ ಕಾನೂನು ಬಂದಿದೆ ಎಂದು ಹಾಲು ಹಾಕುವ ಮನೆಯ ಅನಂತರಾಮು ಅವರು ಹೇಳಿದರು. ಪ್ರಾಣಿಗಾಗಿ ಒಂದು ತೋಪನ್ನು ಬಿಡುತ್ತಾರಾ? ನಿಮ್ಮ ಸಾಹೇಬರನ್ನು ಕೇಳಿ ಬರೆಯಿರಿ.

ಅಂಜನಮ್ಮ


ಬಂಡೀಪುರ
೨-೩-೧೯೬೪

ಅಂಜನಮ್ಮನಿಗೆ,

ನಿನ್ನ ಕಾಗದ ತಲುಪಿತು. ರೇಂಜರ್ ಸಾಹೇಬರನ್ನು ಕೇಳಿದೆ. ಆನೆ, ಕಾಟಿ, ಹುಲಿಯ ವಿಷಯ ಕೇಳು ಹೇಳುತ್ತೇನೆ, ಕಾಡುಪಾಪ ಕಾನೂನಿನಲ್ಲಿ ಇದೆಯೋ ಇಲ್ಲವೋ ನೋಡಬೇಕು ಅಂದರು. ಇನ್ನೂ ನೋಡಿಲ್ಲ.

ಕಾನೂನು ಎಂದರೆ ಏನು ಎಂದು ಇಲ್ಲಿಗೆ ಬಂದ ಮೇಲೆ ಸ್ವಲ್ಪ ತಿಳಿಯಿತು. ಗಡಿಕಲ್ಲಿನ ಈಚೆ ಇದ್ದಷ್ಟು ಹೊತ್ತು ಹುಲಿಯನ್ನು ನಾವು ಕಾಯುತ್ತೇವೆ. ಅದೇ ಹುಲಿ ಕಲ್ಲು ದಾಟಿ ಆಚೆ ಹೋದರೆ ಲೈಸೆನ್ಸ್ ಇದ್ದವನು ಹೊಡೆಯಬಹುದು. ಹೋದ ವಾರ ಹಾಗೇ ಒಂದನ್ನು ಹೊಡೆದರು. ಜೀಪಿನ ಮೂತಿಯ ಮೇಲೆ ಕಟ್ಟಿಕೊಂಡು ನಮ್ಮ ಚೌಕಿಯ ಮುಂದೆಯೇ ಹೋದರು. ನಾನು ಗೇಟು ತೆಗೆದೆ. ಜೊತೆಯಲ್ಲಿರುವ ಏಕಾಂತಯ್ಯ, "ಮೊನ್ನೆವರ್ಗೂ ಇದನ್ನೇ ಕಾಯ್ತಿದ್ವಲ್ಲೋ ಬೈರಣ್ಣ" ಅಂದು ಒಳಗೆ ಹೋಗಿ ಕೂತ. ಮೈಸೂರಿನ ಅರಮನೆಯವರು ಬೇಟೆಗೆ ಸಾಕುತ್ತಿದ್ದ ಸಿವಂಗಿಯನ್ನು, ಸಾಹೇಬರು ಚೀತಾ ಅನ್ನುತ್ತಾರಲ್ಲ ಅದನ್ನು, ಅವನ ಅಜ್ಜ ನೋಡಿದ್ದನಂತೆ. ಈಗ ಇಡೀ ದೇಶದಲ್ಲಿ ಅದು ಒಂದೂ ಉಳಿದಿಲ್ಲ. ಕೊನೆಯದು ಹೋದ ದಿನ, ಇದು ಕೊನೆಯದು ಎಂದು ಯಾರಿಗೂ ಗೊತ್ತಾಗಿರಲಿಕ್ಕಿಲ್ಲ.

ಬಡಾವಣೆಯ ಆಫೀಸಿಗೆ ಒಂದು ಅರ್ಜಿ ಹಾಕು. ಚೆನ್ನಾಗಿ ಓದಿದವರಿಂದ ಬರೆಸಬೇಡ, ನೀನೇ ಬರಿ. ಹಳ್ಳಿಯವರು ಬರೆದರೆ ಓದುತ್ತಾರೆ ಎನ್ನುತ್ತಾರೆ ಸಾಹೇಬರು.

ಹೊಂಗೆಮರದ ವಿಷಯ ಬರೆದಿದ್ದೀಯ. ಅದಕ್ಕೆ ನಾನು ಏನು ಬರೆಯಲಿ.

ಬೈರಣ್ಣ


ಯಡಿಯೂರು
೨೦-೩-೧೯೬೪

ನಮಸ್ಕಾರ.

ಅರ್ಜಿ ಹಾಕಿದೆ. ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ, ಸರ್ಕಾರದವರಿಗೆ ಹೇಗೆ ಬರೆಯಬೇಕೋ ಗೊತ್ತಿರಲಿಲ್ಲ. ಹೀಗೆ ಬರೆದೆ:

‘ಯಡಿಯೂರು ಗುಂಡುತೋಪಿನಲ್ಲಿ ಪಾಪ ಇದೆ. ತಾಯಿಯೂ ಇದ್ದಾಳೆ. ಮರ ಕಡಿದರೆ ಪಾಪಕ್ಕೆ ಬೇರೆ ಗತಿ ಇಲ್ಲ. ಹೊರಗೆ ಬಂದರೆ ನಾಯಿ ಹಿಡಿಯುತ್ತದೆ. ತಾವು ದಯವಿಟ್ಟು ಬಂದು ನೋಡಿ ಕಾಪಾಡಬೇಕಾಗಿ ಬೇಡುತ್ತೇನೆ.’

ಅನಂತರಾಮು ಅವರು ವಿಳಾಸ ಬರೆದುಕೊಟ್ಟರು. ಕಾಗದ ಒಳಗೆ ಮಡಿಸಿಟ್ಟಿದ್ದೆ, ಅವರು ಓದಲಿಲ್ಲ.

ಹೊಂಗೆಯ ಮೇಲೆ ಒಂದು ತಾಯಿ, ಒಂದು ಮರಿ ಇವೆ. ಹಗಲೆಲ್ಲ ತಾಯಿ ಅದನ್ನು ಹೊಟ್ಟೆಗೆ ಅಂಟಿಸಿಕೊಂಡು ಉಂಡೆಯಾಗಿ ಮಲಗಿರುತ್ತದೆ. ಹೊತ್ತು ಮುಳುಗುವಾಗ ಮರಿಯನ್ನು ಒಂದು ಕೊಂಬೆಗೆ ಹಿಡಿಸಿ, ಹುಳ ಹಿಡಿಯಲು ಹೊರಟುಹೋಗುತ್ತದೆ. ಮೊದಲ ದಿನ ಅದನ್ನು ನೋಡಿ ನನಗೆ ಕೋಪ ಬಂತು. ಇಷ್ಟು ಸಣ್ಣದನ್ನು ಬಿಟ್ಟು ಹೇಗೆ ಹೋಗುತ್ತದೆ ಎಂದು. ಮರಿ ಅಳುವುದಿಲ್ಲ. ಬಿಟ್ಟ ಕಡೆಯೇ ಹಿಡಿದುಕೊಂಡು ಕಾಯುತ್ತದೆ.

ಒಂದು ಮಾತು ಕೇಳಬೇಕು. ಅವತ್ತು ಹೆಂಗಸರು ಬರಬಾರದು ಎಂದು ನನ್ನನ್ನು ಬಾಗಿಲಲ್ಲೇ ಕೂರಿಸಿದರು. ನೀವೂ ದೊಡ್ಡಪ್ಪನೂ ಎತ್ತಿಕೊಂಡು ಹೋದಿರಿ. ತಿರುಗಿ ಬಂದು ಕೈಕಾಲು ತೊಳೆದುಕೊಂಡು ಕೊಟ್ಟಿಗೆಗೆ ಹೋದಿರಿ. ಅಲ್ಲಿ ಏನು ಮಾಡಿದಿರಿ, ಹೇಗೆ ಮಲಗಿಸಿದಿರಿ, ನೀವು ಹೇಳಲಿಲ್ಲ. ನನಗೆ ಕೇಳುವುದಕ್ಕೆ ಬಾಯಿ ಬರಲಿಲ್ಲ. ಮರ ಹೋಗುವ ಮುಂಚೆಯಾದರೂ ತಿಳಿದುಕೊಳ್ಳಬೇಕು ಅನ್ನಿಸುತ್ತದೆ.

ಅಂಜನಮ್ಮ


ಬಂಡೀಪುರ
೭-೪-೧೯೬೪

ಅಂಜನಮ್ಮನಿಗೆ,

ಇಲ್ಲಿ ಬೆಂಕಿಯ ಕಾಲ. ಕಾಡಿಗೆ ಬೆಂಕಿ ಹತ್ತದಂತೆ ಹುಲ್ಲು ಸುಟ್ಟು ಗೆರೆ ತೆಗೆಯುತ್ತಿದ್ದೇವೆ. ಬರೆಯಲು ಪುರುಸೊತ್ತಿಲ್ಲ. ನಿನ್ನ ಕಾಗದದ ಕೊನೆಯ ಸಾಲುಗಳನ್ನು ಓದಿದೆ.

ಅರ್ಜಿಗೆ ಉತ್ತರ ಬಂದರೆ ತಿಳಿಸು. ಅವ್ವನಿಗೆ ಮಂಡಿಗೆ ಎಣ್ಣೆ ಹಚ್ಚು.

ಬೈರಣ್ಣ


ಯಡಿಯೂರು
೨೫-೪-೧೯೬೪

ನಮಸ್ಕಾರ.

ಅರ್ಜಿಗೆ ಉತ್ತರ ಬರಲಿಲ್ಲ. ಪೋಲೀಸರು ಬಂದರು.

ನಾನು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದೆ. ಒಬ್ಬರು ದಫೇದಾರರು, ಇಬ್ಬರು ಕಾನ್‌ಸ್ಟೇಬಲ್ಲುಗಳು. "ಅಂಜನಮ್ಮ ಯಾರು? ಪಾಪ ಇರೋ ಜಾಗ ತೋರ್ಸು" ಅಂದರು. ಸರ್ಕಾರಕ್ಕೆ ಇಷ್ಟು ಕರುಣೆ ಇದೆಯಲ್ಲ ಎಂದು ನನಗೆ ಸಂತೋಷವಾಯಿತು. ಕೈ ತೊಳೆದು ಮುಂದೆ ಮುಂದೆ ಹೋದೆ.

"ಎಷ್ಟು ದಿನದ್ದಮ್ಮ ಪಾಪ?"

"ಇನ್ನೂ ಸಣ್ಣದು ಸಾಮಿ. ಕಣ್ಣು ಮಾತ್ರ ಇಷ್ಟಗಲ ಬಿಟ್ಕೊಂಡು ನೋಡ್ತೈತೆ."

"ತಾಯಿ ಎಲ್ಲಿ?"

"ಸಾಯಂಕಾಲ ಪಾಪನ್ನ ಕೊಂಬೆ ಮೇಲೆ ಬಿಟ್ಟು ಹೋಗ್ತಾಳೆ. ಬೆಳಗಾಗೋದ್ರೊಳಗೆ ಬಂದ್ಬಿಡ್ತಾಳೆ."

"ಕೊಂಬೆ ಮೇಲಾ!" ದಫೇದಾರರು ನಿಂತೇಬಿಟ್ಟರು. "ಎಂಥಾ ಹೆಂಗಸಮ್ಮ ಅವ್ಳು! ಯಾರ ಮನೆಯೋಳು?"

"ಯಾರ ಮನೆಯೋಳೂ ಅಲ್ಲ ಸಾಮಿ. ಮರದಲ್ಲೇ ಇರ್ತಾಳೆ."

ಅವರು ಕಾನ್‌ಸ್ಟೇಬಲ್ಲಿನ ಮುಖ ನೋಡಿದರು. ಆಗಲೂ ನನಗೆ ಹೊಳೆಯಲಿಲ್ಲ. ಅರ್ಜಿ ಓದಿದ ಆಫೀಸಿನವರು ಯಾರೋ ಹೆತ್ತ ಕೂಸನ್ನು ತೋಪಿನಲ್ಲಿ ಬಿಟ್ಟಿದ್ದಾರೆ ಎಂದು ತಿಳಿದು ಸ್ಟೇಷನ್ನಿಗೆ ಕಳಿಸಿದ್ದರು. ನಾವು ತೋಪು ಮುಟ್ಟುವುದರೊಳಗೆ ಊರಿಗೆಲ್ಲ ಸುದ್ದಿಯಾಗಿತ್ತು. ಕುಡುಗೋಲು, ಮಚ್ಚು, ಬಿದಿರಿನ ಗಳ ತೆಗೆದುಕೊಂಡು ಜನ ಬಂದರು. ತಪ್ಪು ತಿಳಿಯಬೇಡಿ, ಎಲ್ಲರೂ ಕೂಸು ಬದುಕಲಿ ಎಂದೇ ಬಂದವರು. ಮುನಿಲಕ್ಷ್ಮಮ್ಮ ಒಂದು ಲೋಟ ಹಾಲು ಕೂಡ ಕಾಯಿಸಿ ತಂದಿದ್ದಳು. ಅತ್ತೆ ಕೋಲೂರಿಕೊಂಡು ಬಂದು, "ಏನ್ ಸಾಮಿ, ಕೂಸು ಹುಡುಕೋಕೆ ಲಾಠಿ ತಂದಿದೀರಾ? ಎದ್ದು ಹೊಡೆದ್ಬಿಡ್ತದೆ ಅಂತಲಾ?" ಅಂದರು.

ಲಾಂಟಾನ ಪೊದೆಗಳನ್ನೆಲ್ಲ ಕಡಿದರು. ಬಳ್ಳಿಗಳನ್ನು ಎಳೆದು ಹಾಕಿದರು. ಕೊಂಬೆಗಳನ್ನು ಗಳದಿಂದ ಅಲ್ಲಾಡಿಸಿದರು. "ಬೇಡ, ಬಡೀಬೇಡಿ, ಬೀಳ್ತವೆ" ಎಂದು ನಾನು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಅತ್ತಿಮರದಿಂದ ಒಂದು ಬಿತ್ತು. ಕಣ್ಣು ನೋಡಿ ಯಾರೋ ದೆವ್ವ ಎಂದು ಬಡಿದೇಬಿಟ್ಟರು.

"ಸಾರ್, ಇದೇನ್ ಕೋತಿ ಮರೀನಾ?" ಅಂದ ಕಾನ್‌ಸ್ಟೇಬಲ್ಲು.

"ಅದೇ ಸಾಮಿ ಪಾಪ" ಅಂದೆ.

ಎಲ್ಲರೂ ಬಗ್ಗಿ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ನಗುವುದಕ್ಕೆ ಶುರುಮಾಡಿದರು. ಮುನಿಲಕ್ಷ್ಮಮ್ಮ ಹಾಲಿನ ಲೋಟ ಹಿಡಿದುಕೊಂಡೇ ಸೆರಗು ಬಾಯಿಗಿಟ್ಟುಕೊಂಡಳು. "ಇದಕ್ಕೇನಮ್ಮ ಅರ್ಜಿ ಬರ್ದಿದ್ದು?" ಎಂದು ದಫೇದಾರರು ಕೇಳಿದರು. ಅವರು ನಗಲಿಲ್ಲ.

ಅಷ್ಟರಲ್ಲಿ ಇನ್ನೊಬ್ಬ ಕಾನ್‌ಸ್ಟೇಬಲ್ಲು ಹೊಂಗೆಯ ಹತ್ತಿರದಿಂದ ಕೂಗಿದ. "ಸಾರ್, ಇಲ್ಲಿ ಯಾರನ್ನೋ ಹೂತವ್ರೆ. ಕಲ್ಲಿಟ್ಟವ್ರೆ. ಸಣ್ಣ ಗುಡ್ಡೆ."

ನಗು ನಿಂತಿತು. ದಫೇದಾರರು ನನ್ನ ಕಡೆ ತಿರುಗಿದರು. "ಇದ್ಯಾರಮ್ಮ?"

"ಪಾಪ" ಅಂದೆ.

"ಮತ್ತೆ ಪಾಪಾನಾ! ತಮಾಷೆ ಮಾಡ್ತೀಯಾ? ಹೆಸರು ಹೇಳು, ಹೆಸರು. ಇಲ್ದಿದ್ರೆ ಅಗೆಸಬೇಕಾಗ್ತದೆ."

ನಾಮಕರಣದಲ್ಲಿ ಇಟ್ಟ ಹೆಸರನ್ನು ನಾವು ಯಾರು ಕರೆದೆವು? ನನ್ನ ನಾಲಿಗೆಗೆ ಅದು ಬರಲೇ ಇಲ್ಲ. ಅತ್ತೆ ಹೋಗಿ ಗುಡ್ಡೆಯ ಪಕ್ಕದಲ್ಲಿ ಕೂತುಬಿಟ್ಟರು. "ಅಗೀರಿ ಸಾಮಿ. ಅಗೆದು ನನ್ನೂ ಅದ್ರಾಗೇ ಹಾಕಿ ಮುಚ್ಚಿ. ಇದು ನನ್ನ ಮೊಮ್ಮಗಳು" ಅಂದರು. ಆಗ ಹೇಳಿದೆ. ಜಯದೇವಿ. ಬೈರಣ್ಣನವರ ಮಗಳು. ನಾಲ್ಕು ವರ್ಷ. ಗಂಟಲಮಾರಿ ರೋಗ. ದೊಡ್ಡಪ್ಪ ಹೌದು ಎಂದು ಸಾಕ್ಷಿ ಹೇಳಿದರು. ದಫೇದಾರರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. "ನಡೀರೋ" ಎಂದು ಎಲ್ಲರನ್ನೂ ಕಳಿಸಿದರು.

ಪಾಪಗಳು ಎಲ್ಲಿವೆ ಎಂದು ಈಗ ಎಲ್ಲರಿಗೂ ಗೊತ್ತಾಗಿದೆ. ಮಾರನೆಯ ದಿನ ಗಾಂಧಿಬಜಾರಿನಲ್ಲಿ ಶಾಸ್ತ್ರ ಹೇಳುವವನೊಬ್ಬ ಬಂದು ಎರಡನ್ನು ಹಿಡಿದುಕೊಂಡು ಹೋದ. ಅವುಗಳ ಕಣ್ಣಿನಿಂದ ಏನೋ ಔಷಧಿ ಮಾಡುತ್ತಾರಂತೆ. ಹೊಂಗೆಯ ತಾಯಿಯನ್ನೂ ಮರಿಯನ್ನೂ ನಾನು ಕೋಳಿ ಮುಚ್ಚುವ ಬುಟ್ಟಿಯಲ್ಲಿ ತಂದು ಕತ್ತಲೆ ಕೋಣೆಯಲ್ಲಿ ಇಟ್ಟಿದ್ದೇನೆ. ಮಿಡತೆ ಹಿಡಿದು ಹಾಕುತ್ತೇನೆ. ಎಷ್ಟು ದಿನ ಉಳಿಯುತ್ತವೋ ಗೊತ್ತಿಲ್ಲ. ಕಾಪಾಡಿ ಎಂದು ಬರೆದೆ, ಹೀಗಾಯಿತು.

ನೀವು ಬನ್ನಿ.

ಅಂಜನಮ್ಮ


ಬಂಡೀಪುರ
೨-೫-೧೯೬೪

ಅಂಜನಮ್ಮನಿಗೆ,

ಸಾಹೇಬರಿಗೆ ನಿನ್ನ ಕಾಗದ ಓದಿ ಹೇಳಿದೆ. ಎರಡನ್ನೂ ಇಲ್ಲಿಗೆ ತಂದು ಬಿಡಲು ಒಪ್ಪಿದ್ದಾರೆ. ಬಡಾವಣೆಯ ಆಫೀಸಿಗೂ ತಿಳಿಸುತ್ತಾರಂತೆ. ಶನಿವಾರ ಬರುತ್ತೇನೆ. ಬುಟ್ಟಿಗೆ ಒದ್ದೆ ಬಟ್ಟೆ ಹೊದಿಸಿರು. ಹಾಲು ಕುಡಿಸಬೇಡ.

ಬೈರಣ್ಣ


ಬಂಡೀಪುರ
೧೪-೫-೧೯೬೪

ಅಂಜನಮ್ಮನಿಗೆ,

ಸೋಮವಾರ ಹೊತ್ತು ಮುಳುಗುವ ಮುಂಚೆ ಬಿಟ್ಟೆ. ಚೌಕಿಯಿಂದ ಸ್ವಲ್ಪ ದೂರದಲ್ಲಿ ಒತ್ತಾದ ಕುರುಚಲು ಇದೆ, ಇರುವೆ ಹುಳ ಬೇಕಾದಷ್ಟಿವೆ. ಏಕಾಂತಯ್ಯ ಬುಟ್ಟಿ ಹಿಡಿದುಕೊಂಡ. ತಾಯಿ ಸ್ವಲ್ಪ ಹೊತ್ತು ನನ್ನ ಬೆರಳನ್ನೇ ಹಿಡಿದುಕೊಂಡಿತ್ತು. ಆಮೇಲೆ ಕೊಂಬೆ ಹಿಡಿದು ಹತ್ತಿತು. ತಿರುಗಿ ನೋಡಲಿಲ್ಲ. ಒಳ್ಳೆಯದೇ.

ಸಾಹೇಬರು ಆಫೀಸಿಗೆ ಬರೆದಿದ್ದಾರೆ. ಇನ್ನು ನೀನು ಯೋಚನೆ ಮಾಡಬೇಡ.

ಬೈರಣ್ಣ


ಯಡಿಯೂರು
೩-೬-೧೯೬೪

ನಮಸ್ಕಾರ.

ನೀವು ಬಂದು ಹೋದ ಮೇಲೆ ಮನೆಯಲ್ಲಿ ಎರಡು ದಿನ ನಿಮ್ಮ ಬೀಡಿಯ ವಾಸನೆ ಇತ್ತು. ನೀವು ಇದ್ದಷ್ಟು ಹೊತ್ತೂ ನಾವಿಬ್ಬರೂ ಬುಟ್ಟಿಯ ವಿಷಯವನ್ನೇ ಮಾತಾಡಿದೆವು. ಒದ್ದೆ ಬಟ್ಟೆ, ಮಿಡತೆ, ಬಸ್ಸಿನ ಹೊತ್ತು. ತೋಪಿನ ತನಕ ಹೋಗಿ ಬನ್ನಿ ಎಂದೆ. ಕತ್ತಲಾಯಿತು ಎಂದಿರಿ. ಆಗಿರಲಿಲ್ಲ.

ಬಡಾವಣೆಯ ಆಫೀಸಿನಿಂದ ಈಗ ಉತ್ತರ ಬಂತು. ಅನಂತರಾಮು ಅವರು ಓದಿ ನನ್ನ ಕೈಗೆ ಕೊಟ್ಟರು. ಅರ್ಜಿಯಲ್ಲಿ ತಿಳಿಸಿದ ಪ್ರಾಣಿಗಳನ್ನು ಸುರಕ್ಷಿತವಾಗಿ ಬೇರೆಡೆಗೆ ಸಾಗಿಸಿರುವುದರಿಂದ ಮರಗಳನ್ನು ತೆಗೆಯಲು ಇನ್ನು ಯಾವ ಅಡ್ಡಿಯೂ ಇಲ್ಲ ಎಂದು ಬರೆದಿದ್ದಾರೆ. ಅರ್ಜಿದಾರಳಿಗೆ ವಂದನೆಗಳನ್ನೂ ತಿಳಿಸಿದ್ದಾರೆ.

ಪಾಪಗಳನ್ನು ನಾನೇ ಬುಟ್ಟಿಯಲ್ಲಿ ಕೂರಿಸಿ ಕಳಿಸಿದೆ. ಅವು ತೋಪಿನಲ್ಲೇ ಇದ್ದಿದ್ದರೆ ಇನ್ನೊಂದು ಅರ್ಜಿ ಹಾಕಬಹುದಾಗಿತ್ತು. ಪ್ರಾಣಿಗಳಿಗಾದರೆ ಜಾಗ ಬದಲಾಯಿಸಬಹುದು. ಇನ್ನೊಬ್ಬಳನ್ನು ಯಾವ ಬುಟ್ಟಿಯಲ್ಲಿ ಕಳಿಸಲಿ.

ನೀವು ತಾಯಿ ಹತ್ತಿತು ಎಂದು ಬರೆದಿದ್ದೀರಿ. ಮರಿಯ ವಿಷಯ ಬರೆದಿಲ್ಲ.

ಅಂಜನಮ್ಮ


ಯಡಿಯೂರು
೨-೭-೧೯೬೪

ನಮಸ್ಕಾರ. ತಿಂಗಳಾದರೂ ನಿಮ್ಮ ಉತ್ತರ ಬಂದಿಲ್ಲ. ಮಳೆ ಕಡಿಮೆಯಾದ ಮೇಲೆ ಮರ ಕಡಿಯುತ್ತಾರಂತೆ.

ನಾನು ಕೇಳಿದ್ದು ಒಂದೇ. ಮರಿ ಏನಾಯಿತು?

ಅಂಜನಮ್ಮ


ಬಂಡೀಪುರ
೧೯-೭-೧೯೬೪

ಅಂಜನಮ್ಮನಿಗೆ,

ನಿನ್ನ ಕಾರ್ಡು ಜೇಬಿನಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದೇನೆ. ಬರೆಯಲು ಕೂತು ಎಷ್ಟೋ ಸಲ ಎದ್ದುಹೋದೆ.

ಮರಿ ಉಳಿಯಲಿಲ್ಲ. ಗುಂಡ್ಲುಪೇಟೆಯಲ್ಲಿ ಬಸ್ಸು ನಿಂತಾಗ ಬಟ್ಟೆ ತೆಗೆದು ನೋಡಿದೆ. ತಾಯಿಯ ಹೊಟ್ಟೆಗೆ ಅಂಟಿಕೊಂಡೇ ಇತ್ತು, ಆದರೆ ಕೈ ಸಡಿಲವಾಗಿತ್ತು. ಬಿಸಿಲು ಹೆಚ್ಚಾಯಿತೋ, ಬಸ್ಸಿನ ಕುಲುಕಾಟವೋ, ಹಾಲು ಬತ್ತಿತ್ತೋ ತಿಳಿಯದು. ತಾಯಿ ಬಿಟ್ಟುಕೊಡಲಿಲ್ಲ. ಚೌಕಿಗೆ ಬಂದ ಮೇಲೆ ಒಂದೊಂದೇ ಬೆರಳು ಬಿಡಿಸಿ ತೆಗೆದುಕೊಂಡೆ. ಆಮೇಲೆ ತಾಯಿಯನ್ನು ಮರ ಹತ್ತಿಸಿದೆ. ಮರಿಯನ್ನು ಚೌಕಿಯ ಹಿಂದೆ ನೆಲ್ಲಿಮರದ ಹತ್ತಿರ ಮಣ್ಣು ಮಾಡಿದೆ. ಒಂದು ಹಿಡಿಯಷ್ಟೂ ಇರಲಿಲ್ಲ. ನಿನಗೆ ಹೇಗೆ ಬರೆಯಲಿ ಎಂದು ತಾಯಿಯ ವಿಷಯ ಮಾತ್ರ ಬರೆದೆ.

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಬರೆದುಬಿಡುತ್ತೇನೆ. ಎದುರು ಕೂತು ಹೇಳಲು ನನ್ನಿಂದ ಆಗುವುದಿಲ್ಲ.

ಅವತ್ತು ಗುಂಡಿ ತೆಗೆದವನು ನಾನೇ. ಬೇರೆಯವರನ್ನು ಕರೆಯುತ್ತೇನೆ ಎಂದರು ದೊಡ್ಡಪ್ಪ, ಬೇಡ ಎಂದೆ. ಹೊಂಗೆಯ ಬೇರು ಅಡ್ಡ ಬಂತು, ಕಡಿಯಲು ಮನಸ್ಸಾಗಲಿಲ್ಲ. ಬೇರಿನ ಪಕ್ಕಕ್ಕೇ ಉದ್ದಕ್ಕೆ ತೆಗೆದೆ. ಅದಕ್ಕೇ ತಲೆ ದಕ್ಷಿಣಕ್ಕೆ ಬರಲಿಲ್ಲ, ಕೆರೆಯ ಕಡೆಗೆ ಬಂತು. ದೊಡ್ಡಪ್ಪ ಶಾಸ್ತ್ರ ತಪ್ಪಿತು ಎಂದರು. ಇರಲಿ, ಅವಳಿಗೆ ಕೆರೆ ಕಂಡರೆ ಇಷ್ಟ ಎಂದೆ. ನೀನು ಹೊದಿಸಿ ಕಳಿಸಿದ ಸೀರೆಯಲ್ಲೇ ಸುತ್ತಿದೆ. ಎಡಗೈ ಮುಷ್ಟಿ ಹಿಡಿದಿತ್ತು, ಹಾಗೇ ಬಿಟ್ಟೆ. ಮೈಮೇಲೆ ಮಣ್ಣು ಹಾಕಿದೆ. ಮುಖದ ಮೇಲೆ ಹಾಕಲು ಆಗಲಿಲ್ಲ. ದೊಡ್ಡಪ್ಪ ನಾನು ಹಾಕುತ್ತೇನೆ, ನೀನು ಆ ಕಡೆ ತಿರುಗು ಎಂದರು. ನಾನು ತಿರುಗಲಿಲ್ಲ, ಹೊಂಗೆಯ ಎಳೆ ಸೊಪ್ಪು ತರಿದು ಮುಖಕ್ಕೆ ಮುಚ್ಚಿದೆ, ಗಂಟಲಿಗೂ ಮುಚ್ಚಿದೆ. ಅದರ ಮೇಲೆ ಮಣ್ಣನ್ನು ಹೆಂಟೆ ಇಲ್ಲದ ಹಾಗೆ ಪುಡಿ ಮಾಡಿ ಕೈಯಿಂದಲೇ ಹಾಕಿದೆ. ಗುದ್ದಲಿ ಮುಟ್ಟಲಿಲ್ಲ.

ಮನೆಗೆ ಬಂದೆ. ನೀನು ಬಾಗಿಲಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದೆ. ತೊಳೆದುಕೊಂಡರೂ ಉಗುರಿನಲ್ಲಿ ಮಣ್ಣಿತ್ತು. ಆ ಕೈಯಲ್ಲಿ ನಿನ್ನ ಎದುರು ಊಟ ಮಾಡಲು ನನಗೆ ಆಗಲಿಲ್ಲ. ಅದಕ್ಕೇ ಇಲ್ಲಿಗೆ ಬಂದೆ. ಕೂಲಿಗಾಗಿ ಎಂದು ಎಲ್ಲರಿಗೂ ಹೇಳಿದೆ.

ಬೈರಣ್ಣ


ಯಡಿಯೂರು
೧೨-೧೦-೧೯೬೪

ನಮಸ್ಕಾರ.

ನಿಮ್ಮ ಕಾಗದವನ್ನು ಅತ್ತೆಗೂ ಓದಿ ಹೇಳಿದೆ. ಪೂರ್ತಿ ಕೇಳಿದರು. "ನನ್ನ ಮಗ ಅಷ್ಟು ಮಾಡ್ದನಾ" ಎಂದು ಗೋಡೆ ಕಡೆ ತಿರುಗಿ ಮಲಗಿದರು. ಆ ದಿನ ನಾನೂ ಉತ್ತರ ಬರೆಯಲಿಲ್ಲ. ಆಮೇಲೆ ಬರೆಯಲು ಏನೂ ಇರಲಿಲ್ಲ. ಈಗ ಇದೆ.

ಹೋದ ಬುಧವಾರ ತೋಪನ್ನು ಕಡಿದರು. ಆ ವಾರ ಕಾಡುಪ್ರಾಣಿಗಳ ಸಪ್ತಾಹವಂತೆ. ಶಾಲೆಯ ಮಕ್ಕಳು ಹುಲಿ, ಜಿಂಕೆ ಬರೆದ ಹಾಳೆಗಳನ್ನು ಹಿಡಿದುಕೊಂಡು ಜಯನಗರದ ಕಡೆ ಮೆರವಣಿಗೆ ಹೋಗುತ್ತಿದ್ದರು. ಗರಗಸದ ಸದ್ದಿಗೆ ಒಂದೆರಡು ಮಕ್ಕಳು ನಿಂತು ನೋಡಿದವು. ಉಪಾಧ್ಯಾಯಿನಿ ಸಾಲಿಗೆ ಎಳೆದುಕೊಂಡು ಹೋದರು.

ಹುಣಸೆಗಳು ಮೊದಲು ಹೋದವು. ಹೊಂಗೆಗೆ ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಇಷ್ಟು ವರ್ಷ ಅಲ್ಲಿಗೆ ಹೋದಾಗ ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತೇ ಬರುತ್ತಿದ್ದೆ. ಬುಧವಾರ ಕೆರೆಯ ಕಡೆಗೆ ಹೋಗಿ, ತಲೆಯ ಹತ್ತಿರ ಕೂತೆ.

"ಏಳಮ್ಮ, ಮರ ಬೀಳ್ತದೆ" ಎಂದ ಮೇಸ್ತ್ರಿ.

"ಯಾವ ಕಡೆ ಬೀಳ್ತದಪ್ಪ?"

"ರಸ್ತೆ ಕಡೆ."

"ಅಂಗಾದ್ರೆ ನಾನಿಲ್ಲಿ ಕೂತಿರ್ತೀನಿ."

ಅವನಿಗೆ ಯಾರೋ ಹೇಳಿದ್ದರೆಂದು ಕಾಣುತ್ತದೆ. ಹಗ್ಗ ಕಟ್ಟಿಸಿ ದೂರ ಎಳೆಸಿದ. ಒಂದು ಎಲೆಯೂ ನನ್ನ ಮೇಲೆ ಬೀಳಲಿಲ್ಲ. ಆಮೇಲೆ ಬೇರು ಕೀಳಬೇಕು ಎಂದ. ಕೀಳಬೇಡಪ್ಪ, ಮೇಲಕ್ಕೆ ಕೊಯ್ದುಬಿಡು, ಮಣ್ಣು ಎಳೆದರೆ ಮುಚ್ಚಿಹೋಗುತ್ತದೆ ಎಂದೆ. ಅದು ತನ್ನ ಕೈಯಲ್ಲಿಲ್ಲ, ಸಾಹೇಬರು ನಾಳೆ ನೋಡಲು ಬರುತ್ತಾರೆ ಎಂದ. ಸಾಹೇಬರು ಬಂದರು, ನೋಡಿದರು, ಕೀಳಿಸಿದರು. ಕೀಳುವಾಗ ನಾನು ಹೋಗಲಿಲ್ಲ. ದೊಡ್ಡಪ್ಪ ಹೋಗಿದ್ದರು. ಏನು ಕಂಡಿತು ಎಂದು ಕೇಳಿದೆ. "ಮಣ್ಣು ಕಣಮ್ಮ, ಬರೀ ಮಣ್ಣು" ಎಂದರು. ನಿಜವೋ ಸುಳ್ಳೋ, ಅವರನ್ನು ಮತ್ತೆ ಕೇಳುವುದಿಲ್ಲ. ಈಗ ಅಲ್ಲಿ ಜಲ್ಲಿ ಸುರಿದಿದ್ದಾರೆ.

ಇಲ್ಲಿ ನನಗೆ ಇನ್ನು ಹೋಗಿ ಕೂರುವ ಜಾಗವಿಲ್ಲ. ನಿಮಗೆ ರಜೆ ಸಿಗದಿದ್ದರೆ ನಾನೇ ಬರುತ್ತೇನೆ. ಅತ್ತೆಯನ್ನು ಮುನಿಲಕ್ಷ್ಮಮ್ಮ ನೋಡಿಕೊಳ್ಳುತ್ತಾಳೆ. ಬಂಡೀಪುರಕ್ಕೆ ಯಾವ ಬಸ್ಸು ಎಂದು ಬರೆಯಿರಿ.

ಬಂದಾಗ ನನಗೆ ಕಾಡು ತೋರಿಸಬೇಡಿ. ಆನೆ, ಹುಲಿ ಬೇಡ. ಆ ಮರಿಯನ್ನು ಎಲ್ಲಿ ಇಟ್ಟಿರಿ, ಅಷ್ಟು ತೋರಿಸಿ.

ನಿಮ್ಮ
ಅಂಜನಮ್ಮ